ಎಂಬತ್ತೆರಡು ಡಿಗ್ರಿ

"ಜಕ್ಕನಹಳ್ಳಿಗಂಟ ಏನೂ ಇಲ್ಲ ಆಚಾರಿ,
ಮೇಲುಕೋಟೆ ಏರು ಹಿಡೀತೋ ಇಲ್ವೋ
ಮುಳ್ಳು ಕೆಂಪಿಗೋಗಿ ಕುಂತ್ಕತದೆ."
ಕೆಂಪಾಜಮ್ಮ ಜೀಪಿಳಿದು ಸೆರಗಲ್ಲಿ ಮುಖ ಒರೆಸಿಕೊಂಡಳು.
ಹಿಂದೆ ಚತ್ರಕ್ಕೆ ಹೊರಟ ಕೊಳದಪ್ಪಲೆ, ಜಾಲರಿ, ನಲವತ್ತು ಕುರ್ಚಿ
ಇನ್ನೂ ಅದುರುತ್ತಿದ್ದವು.
ನೀರಾವರಿಯವರು ಹರಾಜಿಗಿಟ್ಟಿದ್ದ ಜೀಪು.
ಅವರ ಹಸಿರಿನ ಮೇಲೆ ಈಕೆಯ ನೀಲಿ,
ನೀಲಿಯ ಮೇಲೆ ತುಕ್ಕು.

ಬಾನೆಟ್ಟು ಎತ್ತಿದೆ. ಮುಚ್ಚಳ ಮುಟ್ಟಲಿಲ್ಲ.
ಹುಡುಗ ರಿಜ್ವಾನ್ ಬಿಂದಿಗೆ ನೀರು ಹಿಡಿದು ಓಡಿಬಂದ.
ಇಡು ಕೆಳಗೆ, ಅಂದೆ.
ನಮ್ಮಪ್ಪ ಗಾಡಿಚಕ್ರಕ್ಕೆ ಪಟ್ಟಿ ತೊಡಿಸುತ್ತಿದ್ದ,
ಕೆಂಪಗೆ ಕಾದ ಬಳೆಗೆ ಕೊಡಗಟ್ಟಲೆ ಸುರಿದಾಗ
ಬೀದಿಯೆಲ್ಲ ಚುಂಯ್,
ಮರ ಕಿರುಗುಟ್ಟಿ ಬಿಗಿಯಾಗುತ್ತಿತ್ತು.
ಆ ಕಬ್ಬಿಣ ನೀರಿಗೇ ಕಾದಿರುತ್ತಿತ್ತು.
ಇದು ಹಾಗಲ್ಲ. ಕುದಿಯುವಾಗ ತಣ್ಣೀರು ಬಿತ್ತೋ
ಹೆಡ್ಡು ಸೀಳುತ್ತದೆ.
ಕೂತ್ಕೊ. ಬೀಡಿ ಸೇದೋರು ಸೇದಲಿ.

ಮುಕ್ಕಾಲು ಗಂಟೆ.

ಒದ್ದೆ ಗೋಣಿ ಹೊದಿಸಿ ಮುಚ್ಚಳ ಅರ್ಧ ತಿರುವಿದೆ,
ಉಸ್ಸೆಂದಿತು, ಆಮೇಲೆ ಪೂರ್ತಿ.
ಒಳಗೆ ನಾಲೆಯ ಕೆಸರಿಲ್ಲ,
ಪುಣ್ಯಾತ್ಗಿತ್ತಿ ಹಸಿರು ಕೂಲೆಂಟೇ ಹಾಕಿದ್ದಾಳೆ.
ಆಯಿಲ್ ಕಡ್ಡಿ ಎಳೆದೆ. ಕಪ್ಪು, ಬರೀ ಕಪ್ಪು.
ಗಸಗಸೆ ಪಾಯಸದ ಬಣ್ಣಕ್ಕೆ ತಿರುಗಿದ್ದರೆ
ಹೆಡ್ಡಿನ ಗ್ಯಾಸ್ಕೆಟ್ಟಿಗೆ ಎಳ್ಳುನೀರು ಬಿಡಬೇಕಿತ್ತು.
ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದೆ, ಅರ್ಧ ಇಂಚು, ಸರಿ.
ರೇಡಿಯೇಟರಿನ ಸಂದಿಯಲ್ಲಿ ಕಬ್ಬಿನ ತರಗು, ಎರಡು ಸತ್ತ ಚಿಟ್ಟೆ,
ಊದಿದರೆ ಹಾರುವಷ್ಟೇ.
ಪಂಪಿನ ಅಡಿಗೆ ಬೆರಳಿಟ್ಟೆ. ಒಣ.
ಸ್ಟಾರ್ಟ್ ಮಾಡಿಸಿದೆ. ನೀರಲ್ಲಿ ಗುಳ್ಳೆ ಏಳಲಿಲ್ಲ,
ಹೊಗೆಯಲ್ಲಿ ಬಿಳುಪಿಲ್ಲ.

"ಮುಳ್ಳೇ ಸುಳ್ಳಾಡ್ತಿರಬೌದಾ?"
ಇಲ್ಲ ತಾಯಿ, ಮುಳ್ಳಿನ ಮಾತಿಗೆ ಮೂಗು ಸಾಕ್ಷಿ ಹೇಳ್ತಾ ಇದೆ.

ಹಿಂಚಕ್ರಕ್ಕೆ ಕಲ್ಲು ಕೊಟ್ಟು
ರಿಜ್ವಾನ್ ರೇಸು ಏರಿಸಿದ, ಇಳಿಸಲಿಲ್ಲ.
ಒಂದು ಕೈ ಇಂಜಿನ್ನಿನ ತಲೆಯ ಹತ್ತಿರ ಒಯ್ದೆ,
ಒಲೆ.
ಇನ್ನೊಂದನ್ನು ರೇಡಿಯೇಟರಿನ ಹೊಟ್ಟೆಗೆ ಒತ್ತಿದೆ,
ಕೂಸಿಗೆ ಎರೆಯುವ ನೀರಿನಷ್ಟು ಬೆಚ್ಚಗೆ.
ಎರಡು ಕೈಗಳ ನಡುವೆ
ಎಲ್ಲೋ ದಾರಿ ತಪ್ಪಿದೆ ನೀರು.
ತಣಿಯಲು ಹೋಗಬೇಕಾದದ್ದು
ಅಡ್ಡದಾರಿ ಹಿಡಿದು ಬೆಂಕಿಗೇ ವಾಪಸ್ಸು ಬರುತ್ತಿದೆ.

ಮತ್ತೆ ಆರಲು ಬಿಟ್ಟು, ಹದಿಮೂರರ ಸ್ಪ್ಯಾನರಲ್ಲಿ ಬೋಲ್ಟು ಬಿಚ್ಚಿದೆ.
ಥರ್ಮೋಸ್ಟಾಟ್ ವಾಲ್ವಿನ ಗೂಡು ಖಾಲಿ.
ಇದ್ದರೆ ಬಿಸಿ ಜಾಸ್ತಿ, ಕಿತ್ತು ಬಿಸಾಕು ಎನ್ನುವವರು
ನಮ್ಮ ಕಸುಬಲ್ಲಿ ಇದ್ದಾರೆ.
ಯಾವನೋ ಅವಸರದ ಬಡ್ಡೀಮಗ, ಅಂತ ಬೈದೆ,
ಜೋರಾಗಿಯೇ.

ಬೈಯುತ್ತಲೇ ಅಂಚಿನ ಗ್ಯಾಸ್ಕೆಟ್ಟು ಕೆರೆದೆ.
ದಪ್ಪ ಕಾಗದ, ಶೆಲ್ಲಾಕ್ ಕುಡಿದು ಕಂದಾದದ್ದು,
ಒಂದು ಮಗ್ಗುಲಲ್ಲಿ ಜರಿಯ ಗೆರೆ,
ಬೋಲ್ಟಿನ ತೂತಿನ ಪಕ್ಕ ಅರ್ಧ ಹೆಸರು:
ಚಿ|| ಸೌ|| ಪಂಕಜಾಕ್

ನನ್ನ ಮಗಳ ಲಗ್ನಪತ್ರಿಕೆ.
ಐನೂರು ಅಚ್ಚು ಹಾಕಿಸಿ ನೂರಾ ಎಂಬತ್ತು ಮಿಕ್ಕಿತ್ತು.
ಒಳ್ಳೆ ಕಾಗದ, ದಂಡ ಯಾಕೆ ಅಂತ
ವರ್ಷಗಟ್ಟಲೆ ಅದರಲ್ಲೇ ಕತ್ತರಿಸಿದೆ.
ಈ ಸೀಮೆಯಲ್ಲಿ ಅದನ್ನು ಕತ್ತರಿಸಿದ ಕತ್ತರಿ ಒಂದೇ.
ಯಾವ ದಿನವೋ, ಯಾವ ಇಂಜಿನಿಯರ್ ಹೊರಗೆ ಹಾರನ್ ಒತ್ತುತ್ತಿದ್ದನೋ,
ನೆನಪಿಲ್ಲ.
ಕಾಗದಕ್ಕೆ ನೆನಪಿತ್ತು.
ಜೇಬಿಗಿಟ್ಟುಕೊಂಡೆ.

ಎರಡೂವರೆಯ ಬಸ್ಸಿನಲ್ಲಿ ಮಂಡ್ಯದಿಂದ ವಾಲ್ವು ಬಂತು.
ಹೊಸದನ್ನೂ ನಂಬಬಾರದು.
ಮರೀಗೌಡನ ಚಾದಂಗಡಿ ಒಲೆ ಮೇಲೆ ಪಾತ್ರೆಯಿಟ್ಟು
ತಂತಿಯಲ್ಲಿ ಇಳಿಬಿಟ್ಟೆವು, ಮೂವರೂ ಬಗ್ಗಿದೆವು.
"ಯಾರು ಕಿತ್ತಿದ್ದು ಅಂತ ಗೊತ್ತಾಗಲ್ವಾ?" ಅಂದಳು.
ನೀರು ಸುಮ್ಮನಿತ್ತು.
ತಳದಲ್ಲಿ ಸಾಸಿವೆಯಷ್ಟು ಗುಳ್ಳೆ, ಕಡಲೆಯಷ್ಟು ಗುಳ್ಳೆ.
ಮೈಮೇಲೆ ಎಂಬತ್ತೆರಡು ಎಂದು ಕೊರೆದಿದ್ದ ಹಿತ್ತಾಳೆ
ಕೂದಲೆಳೆಯಷ್ಟು, ಆಮೇಲೆ ಉಗುರಿನಷ್ಟು
ಬಾಯಿ ಬಿಟ್ಟಿತು.
ನಾನೂ ಬಿಟ್ಟೆ.

ಕೆಂಪಾಜಮ್ಮ ಜೀಪಿನಿಂದ ಒಂದು ಕುರ್ಚಿ ಇಳಿಸಿಕೊಂಡು ಕೂತಳು.
ಅರ್ಧ ಹೆಸರನ್ನು ಬೆಳಕಿಗೆ ಹಿಡಿದು ನೋಡಿದಳು.
"ಈ ಮದುವೆಗೆ ಪಾತ್ರೆ ನಂದೇ ಅಲ್ವಾ?"
ಹೌದು.
"ಮಜೂರಿ ಬುಟ್ಬುಡು.
ಗ್ಯಾಸ್ಕೆಟ್ಟು ಮಾತ್ರ
ಅಂಗಡೀದೇ ಹಾಕು."