ಅಕ್ಷರಕ್ಕೆ ಹನ್ನೆರಡು ರೂಪಾಯಿ

ಮಂಡ್ಯ, ಗುತ್ತಲು ರಸ್ತೆ ಹಿಂದಲ ಬಡಾವಣೆ ಪಾರ್ಕಿಗೆ
ಆರಡಿ ನಾಲ್ಕಡಿ ತಗಡು, ಹಳದಿ ಮೈ, ಕರಿ ಅಕ್ಷರ.
ರೇಟು ಮೊದಲೇ ಹೇಳಿದ್ದೆ: ಅಕ್ಷರಕ್ಕೆ ಹನ್ನೆರಡು,
ಒತ್ತು, ದೀರ್ಘ ಪುಕ್ಕಟೆ.

ಸಂಘದವರು ಚೀಟಿ ಕೊಟ್ಟರು:
ಅಸಭ್ಯ ವರ್ತನೆ ಶಿಕ್ಷಾರ್ಹ.
ಒಂಬತ್ತಕ್ಷರ, ನೂರೆಂಟು ರೂಪಾಯಿ.
ಜಪದ ಲೆಕ್ಕ ಅಂದುಕೊಂಡು ಬ್ರಷ್ಷು ಅದ್ದುವಷ್ಟರಲ್ಲಿ
ನಿವೃತ್ತ ಶಿರಸ್ತೇದಾರ್ ಪುಟ್ಟಮಾದಯ್ಯ ಕೋಲೂರಿಕೊಂಡು ಬಂದರು:
'ನಿಲ್ಸಯ್ಯ. ಅಸಭ್ಯ ಅಂದ್ರೆ ಏನೂಂತ
ಕೋರ್ಟಲ್ಲಿ ಕೇಳಿದ್ರೆ ನೀನು ಹೇಳ್ತೀಯಾ?
ವಿವರ ಬೇಕು.'

ಸರಿ, ವಿವರ.
ಶಿಳ್ಳೆ ಹಾಕುವುದು.
ಬೆಂಚಿನ ಮೇಲೆ ಮಲಗುವುದು.
ಗುಂಪು ಕೂರುವುದು.
ಎಷ್ಟು ಜನ ಕೂತರೆ ಗುಂಪು? ನಾನೇ ಕೇಳಿದೆ.
ಮೂರು, ಅಂದರು ಜಯಶೀಲಮ್ಮ.
ಐದು, ಅಂದರು ಖಜಾಂಚಿ.
ಬೆಂಚಿನ ಮೇಲೆ ಅವರೇ ನಾಲ್ವರಿದ್ದರು.

ಜೋರಾಗಿ ನಗುವುದು:
ಇದನ್ನು ಬರೆದು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಬರೆದೆ.
ನಗೆಕೂಟದ ಹಿರಿಯರು ಬೆಳಿಗ್ಗೆ ಆರೂವರೆಗೆ
ಇಲ್ಲೇ ಕೈಯೆತ್ತಿ ಗಹಗಹಿಸುತ್ತಾರಲ್ಲ;
ಆದ್ದರಿಂದ 'ಸಂಜೆ' ಸೇರಿತು. ಇಪ್ಪತ್ನಾಲ್ಕು ರೂಪಾಯಿ.

'ಇತರರಿಗೆ ಕಿರಿಕಿರಿಯಾಗುವಂತೆ ಅಂತ ಹಾಕು,
ಎಲ್ಲಾ ಬರುತ್ತೆ' ಅಂದರು ಖಜಾಂಚಿ.
ಇತರರು ಯಾರೆಂದು ಚೀಟಿಯಲ್ಲಿ ಇರಲಿಲ್ಲ.
ಕಬ್ಬು ಅರೆಯುವ ತಿಂಗಳಲ್ಲಿ ಕಾಕಂಬಿಯ ನಾತ
ಗಡಿಯಾರ ನೋಡದೆ ಎಲ್ಲರ ಮಂಚಕ್ಕೂ ಬರುತ್ತದೆ,
ಅದಕ್ಕೆ ಯಾರೂ ತಗಡು ತರಿಸಿಲ್ಲ.

ಗೇಟಿನಾಚೆ ಮೂರು ಹುಡುಗರು, ಸೈಕಲ್ಲಿಗೆ ಒರಗಿ
(ಗುಂಪೋ ಅಲ್ಲವೋ ಇನ್ನೂ ತೀರ್ಮಾನವಾಗಿರಲಿಲ್ಲ)
ತಮ್ಮನ್ನು ಬರೆಯುತ್ತಿರುವುದನ್ನು ಓದುತ್ತಿದ್ದರು.
ಗಾರೆ ಕೆಲಸದ ಚಿಕ್ಕಸಿದ್ದ,
ಮಧ್ಯಾಹ್ನದ ನಿದ್ದೆಗೆ ದಿನಾ ಇದೇ ಪಾರ್ಕು,
ನಾನು ಎರಡನೇ ಸಾಲು ಮುಗಿಸಿದಾಗ ಎದ್ದು
ಟವೆಲ್ಲು ಕೊಡವಿ ಹೊರಟ.
ಏನೂ ಅನ್ನಲಿಲ್ಲ ನಾನು. ಅಕ್ಷರ ಹಸಿಯಿತ್ತು.

ಜಾಗ ಮುಗಿಯಿತು, ತಪ್ಪು ಮುಗಿಯಲಿಲ್ಲ.
ಕೊನೆಗೆ ಶಿರಸ್ತೇದಾರರೇ ಸೋತರು:
'ಇತ್ಯಾದಿ ಅಂತ ಹಾಕ್ಬುಡು.'
ಮೂರಕ್ಷರ, ಮೂವತ್ತಾರು ರೂಪಾಯಿ.
ಇಷ್ಟು ಅಗ್ಗಕ್ಕೆ ಇಡೀ ಊರನ್ನು
ತಗಡಿನೊಳಗೆ ಹಿಡಿಸಿದ್ದು ನನ್ನ ಜನ್ಮದಲ್ಲಿ ಇದೇ ಮೊದಲು.

'ದಿ'ಯ ಗುಡಿಸು ಎಳೆಯುವಾಗ ಕೈ ನಡುಗದಿರಲೆಂದು
ತುಟಿ ತಾನಾಗಿ ಶಿಳ್ಳೆ ಹಿಡಿಯಿತು,
ಮೂವತ್ತು ವರ್ಷದ ಅಭ್ಯಾಸ.
ವಾಚ್‌ಮನ್ ಬೋರಯ್ಯ ಹತ್ತಿರ ಬಂದ.
ಓದು ಬಾರದವನು, ಗಲ್ಲ ಎತ್ತಿ ತಗಡು ತೋರಿಸಿದ:
'ಏನಂತ ಬರ್ದಿದ್ದೀಯಣ್ಣ, ಓದಿ ಹೇಳು.
ನಾಳೆಯಿಂದ ಹಿಡಿಯೋನು ನಾನೇ.'

ಮೇಲಿನಿಂದ ಶುರು ಮಾಡಿದೆ.
ಮೊದಲನೇ ಸಾಲಿಗೇ ಬಾಯಿ ಒಣಗಿತು.