ಮುಚ್ಚಳವಿಲ್ಲದ ಡಬ್ಬಿ

ಪೋರ್ಟ್ ಅಡಿಲೇಡಿನ ಹಳೆಯ ಉಣ್ಣೆ ಗೋದಾಮಿನ ಹಿಂದೆ
ಬಾಡಿಗೆ ಕಡಿಮೆಯೆಂದೇ ಹಿಡಿದ ಮನೆ.
ಹದಿನಾಲ್ಕು ಜನ, ಒಂದೇ ಬಚ್ಚಲು,
ಮೇಜಿನ ನಡುವೆ ಬಿಸ್ಕತ್ತಿನ ಡಬ್ಬಿ:
ದುಡಿದವರು ದುಡಿದದ್ದು ಹಾಕಬೇಕು,
ಬೇಕಾದವರು ಬೇಕಾದಷ್ಟು ತೆಗೆಯಬೇಕು.
ಲೆಕ್ಕದ ಪುಸ್ತಕ ಇರಲಿಲ್ಲ.
ಮೊದಲ ವಾರ ನನಗೆ ನಿದ್ದೆಯೇ ಹತ್ತಲಿಲ್ಲ,
ನಾನು ಬ್ಯಾಂಕಿನಲ್ಲಿ ಕೂಡಿ ಕಳೆಯುವವಳು.

ಮರ್ವಿನ್ ಟ್ರೆಲೋರ್. ತಾಮ್ರದ ಗಣಿಯವರ ಮೊಮ್ಮಗ,
ಬ್ಯಾಪ್ಟಿಸ್ಟ್ ಕಾಲೇಜಿನಲ್ಲಿ ಗ್ರೀಕ್ ಕಲಿಸುವ ಮೇಷ್ಟ್ರು.
ಸುವಾರ್ತೆಯ ಒಂದು ಕ್ರಿಯಾಪದ ಹಿಡಿದನೆಂದರೆ
ಚಹಾ ಆರುವ ತನಕ, ಆರಿದ್ದು ಕೆನೆಗಟ್ಟುವ ತನಕ.
‘ಹಿಂಬಾಲಿಸು ಅಂದರೆ ಒಪ್ಪಿಕೋ ಅಂತಲ್ಲ ಕಣಮ್ಮ,
ಕಾಲು, ಕಾಲು!’ ಎನ್ನುತ್ತ
ಮೇಜಿನ ಕೆಳಗೆ ಬೂಟು ಕುಟ್ಟುತ್ತಿದ್ದ.

ನನ್ನನ್ನು ಮುಳುಗಿಸಿದ್ದು ಬಂದರಿನ ಹೊಳೆಯಲ್ಲಿ,
ಚರ್ಚಿನ ಬಿಳಿ ಹೆಂಚಿನ ತೊಟ್ಟಿ ಬೇಡವೆಂದು ಹಟ ಹಿಡಿದು.
ಹಡಗು ಉಗುಳಿದ ಎಣ್ಣೆ ಮೇಲೆ ತೇಲುತ್ತಿತ್ತು,
ಏಳು ಬಣ್ಣ.
ಉಸಿರು ಬಿಗಿಹಿಡಿದು ಹೋದೆ, ಕೆಮ್ಮುತ್ತ ಎದ್ದೆ.
ಹಳೆಯ ನಾನು ಸತ್ತಳೋ ಇಲ್ಲವೋ,
ಕೂದಲಿಗೆ ಮಾತ್ರ ಮೂರು ದಿನ ಡೀಸೆಲ್ ವಾಸನೆ.
ದಡದಲ್ಲಿ ಗಾಳ ಹಾಕಿ ಕೂತಿದ್ದ ಗ್ರೀಕ್ ಮುದುಕ
ಮೀನೆಲ್ಲ ಓಡಿಸಿದಿರಿ ಎಂದು ಬೈದ.
ಮರ್ವಿನ್ ಅವನ ಭಾಷೆಯಲ್ಲೇ ಕ್ಷಮೆ ಕೇಳಿದ,
ಎರಡು ಸಾವಿರ ವರ್ಷ ಹಳೆಯ ಮಾತಿನಲ್ಲಿ.
ಮುದುಕ ನಕ್ಕು ನಕ್ಕು ಗಾಳ ಕೈಬಿಟ್ಟ.

ಪಾದ ತೊಳೆಯುವುದರ ಬಗ್ಗೆ ಅವನದೊಂದು ಅಧ್ಯಾಯವಿದೆ,
ಎಪ್ಪತ್ತು ಪುಟ, ಅಡಿಟಿಪ್ಪಣಿ ಬೇರೆ.
ಅದನ್ನು ಬರೆದ ಚಳಿಗಾಲ ಪೂರ್ತಿ
ಹದಿನಾಲ್ಕು ತಟ್ಟೆ ತೊಳೆದವಳು ಎನಿಡ್, ಅವನ ಹೆಂಡತಿ.
ಒಮ್ಮೆ ಹಸ್ತಪ್ರತಿಯ ಅಂಚಿನಲ್ಲಿ
ಪೆನ್ಸಿಲಿನಿಂದ ಬರೆದಿಟ್ಟಳು: ಸಾಬೂನು ಮುಗಿದಿದೆ.
ಅವನು ಅದನ್ನು ರೂಪಕವೆಂದುಕೊಂಡ.

ಡಬ್ಬಿ ಖಾಲಿಯಾದ ರಾತ್ರಿ.
ಡೆಸ್ಮಂಡ್ ಕ್ವಿಗ್ಲಿ, ಹಡಗು ಬಿಟ್ಟ ನಾವಿಕ, ನಡುಗುವ ಕೈಯವ,
ಉಂಡ ಮನೆಯ ಗಳ ಎಣಿಸಿ ಹೊರಟುಹೋಗಿದ್ದ,
ಕಂಬಳಿ ಮಾತ್ರ ಒಪ್ಪವಾಗಿ ಮಡಚಿಟ್ಟು.
ನಾನು ಕಿರುಚಿದೆ. ಬೀಗ ಎಂದೆ, ಪೊಲೀಸ್ ಎಂದೆ,
ಹೋಗಲಿ, ಮುಚ್ಚಳವಾದರೂ ಬಿಗಿ ಮಾಡಿ ಎಂದೆ.
ಮರ್ವಿನ್ ಮುಚ್ಚಳ ಹಿಡಿದು ಹಿತ್ತಲಿಗೆ ಹೋದ,
ಕೋಳಿಗೆ ನೀರಿಡಲು ಆಯಿತು ಎಂದ.
ಆ ತಿಂಗಳೆಲ್ಲ ಹಿತ್ತಲ ಕುಂಬಳಕಾಯಿ:
ಸೂಪು, ಸುಟ್ಟದ್ದು, ರೊಟ್ಟಿಯೊಳಗೆ,
ಪ್ರಾರ್ಥನೆ ಮುಗಿಸಿ ಕಣ್ಣು ತೆರೆದರೆ ಮತ್ತೆ ಕುಂಬಳಕಾಯಿ.
ಕುಂಬಳಕಾಯಿ ಕಳ್ಳ ಎಂದರೆ
ಹೆಗಲು ಮುಟ್ಟಿಕೊಳ್ಳಬೇಕಾದವನು ಊರಲ್ಲೇ ಇರಲಿಲ್ಲ;
ಮುಟ್ಟಿ ನೋಡಿಕೊಂಡವಳು ನಾನು.
ನನ್ನ ಹಾಸಿಗೆಯ ಕೆಳಗೊಂದು ಪಾಸ್‌ಬುಕ್ ಇತ್ತು.

ಮಾರ್ಚಿಯ ಸುಡುಗಾಳಿಯ ದಿನ
ಕಾಲೇಜಿನ ಮಂಡಳಿ ಅವನನ್ನು ತೆಗೆದುಹಾಕಿತು.
ಎರಡು ಸಾಲಿನ ಕಾಗದ.
ಸಂಜೆ ಟೈ ಬಿಚ್ಚದೆಯೇ ಅಡುಗೆಮನೆಗೆ ಬಂದು
ಎನಿಡ್‌ಳ ಕೈಯಿಂದ ಉಜ್ಜುವ ಬಟ್ಟೆ ತೆಗೆದುಕೊಂಡ.
ಮೊದಲ ದಿನವೇ ಮೂರು ಕಪ್ಪು ಒಡೆದ.
ಆಮೇಲೆ ಒಂಬತ್ತು ವರ್ಷ ಒಡೆಯಲಿಲ್ಲ.
ಕ್ರಿಯಾಪದಗಳು ಕಮ್ಮಿಯಾದವು.
ಇನ್ನೆರಡು ಮನೆ ಹುಟ್ಟಿದವು,
ಬ್ರೋಕನ್ ಹಿಲ್‌ನ ಗಣಿಧೂಳಿನಲ್ಲಿ ಒಂದು ನಿಂತಿತು,
ಇನ್ನೊಂದು ಎರಡೇ ಚಳಿಗಾಲ ಬಾಳಿ ಮುರಿಯಿತು,
ಜಗಳ ಬೆಣ್ಣೆಯ ವಿಷಯಕ್ಕೆ.
ಅದನ್ನೂ ಅವನು ಪುಸ್ತಕದಲ್ಲಿ ಬರೆದ,
ಬೆಣ್ಣೆಯನ್ನು ಬಿಡದೆ.

ಐವತ್ತೆಂಟಕ್ಕೆ ಬಸ್ಸಿನಲ್ಲಿ ಸತ್ತ,
ತೊಡೆಯ ಮೇಲೆ ಈರುಳ್ಳಿ ಚೀಲ.
ಕೊನೆಯ ನಿಲ್ದಾಣದವರೆಗೆ ಚಾಲಕನಿಗೆ ತಿಳಿಯಲಿಲ್ಲ.

ಎನಿಡ್ ಆಸ್ಪತ್ರೆಯಲ್ಲಿದ್ದಾಗ
ಪಾಸ್‌ಬುಕ್ಕಿನ ಸಂಗತಿ ಹೇಳಿಬಿಟ್ಟೆ,
ಮೂವತ್ತು ವರ್ಷದ ಮೇಲೆ, ಅಳುತ್ತ.
‘ಅವನಿಗೆ ಗೊತ್ತಿತ್ತು’ ಎಂದಳು, ದಿಂಬು ಸರಿಮಾಡಿಕೊಳ್ಳುತ್ತ.
‘ಹಾಸಿಗೆ ಬಿಸಿಲಿಗೆ ಹಾಕುವ ಸರದಿ ಅವನದಿತ್ತಲ್ಲ.
ನೆನೆಯದಿರಲೆಂದು ಕಾಗದ ಸುತ್ತಿ
ಅಲ್ಲೇ ಇಟ್ಟ.’

ಆ ಮನೆ ಈಗ ಕಾಫಿ ಅಂಗಡಿ.
ಡಬ್ಬಿ ನನ್ನ ಕಿಟಕಿಯಲ್ಲಿದೆ:
ಗುಂಡಿ, ಕೀಲಿಕೈ, ಒಂದಿಷ್ಟು ಚಿಲ್ಲರೆ.
ಪಕ್ಕದ ಮನೆಯ ಹುಡುಗ ಬಂದಾಗಲೆಲ್ಲ
ಒಂದೆರಡು ನಾಣ್ಯ ಕಡಿಮೆಯಾಗುತ್ತವೆ.
ಎಣಿಸುತ್ತೇನೆ, ಸುಳ್ಳೇಕೆ,
ಪ್ರತಿ ಸಲ ಎಣಿಸುತ್ತೇನೆ.