ಏರಿ ಅಂದರೆ

ಬಿ.ಡಿ.ಓ. ಆಫೀಸಿನಿಂದ ಬಂದ ಕಾಗದದಲ್ಲಿತ್ತು:
ಏರಿಯನ್ನು ಕಾಪಾಡಲು ಊರವರೇ ಯೋಜನೆ ಬರೆಯತಕ್ಕದ್ದು,
ಹದಿನೈದು ದಿನ, ಮೂರು ಪ್ರತಿ.

ಏರಿಗೇನಾಗೈತೆ ಧಾಡಿ? ಅಂದ ಮುನಿಯಲ್ಲಪ್ಪ.
ಹೋದ ವರ್ಷ ತಾನೇ ಮಣ್ಣು ಹೊಡೆಸಿದೀವಿ,
ಟ್ರ್ಯಾಕ್ಟರ್ ಎದುರುಬದುರು ಬಂದರೂ ಜಾಗ ಐತೆ.
ಇಳಂಗೋವನ್ ನಕ್ಕ.
ಅವನ ಮಾತಿನಲ್ಲಿ ಏರಿ ಎಂದರೆ ನೀರು,
ನಮ್ಮ ಮಾತಿನಲ್ಲಿ ಆ ನೀರಿಗೆ ಅಡ್ಡ ಕಟ್ಟಿದ ಮಣ್ಣು.
ನಾವು ಕೆರೆ ಅಂದರೆ ಅವನ ಕಿವಿಗೆ ದಡ.
ಒಬ್ಬರ ದಡ ಇನ್ನೊಬ್ಬರಿಗೆ ನೀರಾಗಿ
ಒಂದೇ ತೂಬಿನಲ್ಲಿ ಗದ್ದೆ ನೆನೆದು
ಅದೆಷ್ಟು ತಲೆ ಕಳೆಯಿತೋ
ತಳಿ ರಸ್ತೆಯ ಈ ಮರಳಗುಂಟೆಯಲ್ಲಿ.

ಬರೆಯುವ ಕೆಲಸ ನನ್ನ ಪಾಲಿಗೆ ಬಂತು.
ಎರಡೂ ಅಕ್ಷರ ಬರುತ್ತದೆ ನನಗೆ:
ಒಂದು ಶಾಲೆಯದು, ಒಂದು ರೇಷನ್ ಅಂಗಡಿಯದು.

ಸೆಲ್ವರಾಣಿ ಟೀಚರು
ಬಿಸಿಯೂಟದ ಡಬರಿಯ ಮುಚ್ಚಳಕ್ಕೆ
ಕಪ್ಪು ಬಿಳಿ ಬಣ್ಣ ಬಳಿದು, ಹಗ್ಗ ಕಟ್ಟಿ,
ಹರಿಗೋಲಿನಿಂದ ಮೆಲ್ಲಗೆ ಇಳಿಬಿಟ್ಟರು.
ಬಿಳಿ ಎಲ್ಲಿಯವರೆಗೆ ಕಾಣುತ್ತದೋ
ಅಲ್ಲಿಯವರೆಗೆ ಕೆರೆ ಕಣ್ಣು ಬಿಟ್ಟಿದೆ ಎಂದು ಲೆಕ್ಕ.
ಒಂದು ಗೇಣು. ಮೇಲೆ ನಾಲ್ಕು ಬೆರಳು.
ಅಷ್ಟೇ. ಮುಚ್ಚಳ ಹೋಯಿತು,
ಬಸ್ಸಾರಿಗೆ ಬಿದ್ದ ಚಮಚದ ಹಾಗೆ.

ಪಿಳ್ಳಮ್ಮ ಮದುವೆಯಾಗಿ ಬಂದ ವರ್ಷ
ಇದೇ ಮೆಟ್ಟಿಲಲ್ಲಿ ಕಾಲುಂಗುರ ಜಾರಿತ್ತಂತೆ.
ಎದೆಮಟ್ಟದ ನೀರಲ್ಲಿ ನಿಂತು, ಬಗ್ಗಿ ನೋಡಿ,
ಹೆಬ್ಬೆರಳಲ್ಲೇ ಎತ್ತಿಕೊಂಡಳಂತೆ.
ಅದನ್ನೂ ಬರಿ ಅಂದಳು.
ಯಾವ ಕಲಮಿನಲ್ಲಿ ಅಜ್ಜೀ?
ಹುಡುಕಿದೆ. 'ಗುರಿ' ಅಂತ ಒಂದು ಖಾಲಿ ಕಲಂ ಇತ್ತು.
ಬರೆದೆ: ಎದೆಮಟ್ಟದ ನೀರಿನಲ್ಲಿ ಕಾಲುಂಗುರ ಕಾಣತಕ್ಕದ್ದು.

ಎರಡನೇ ಸಭೆ ಹಾಲಿನ ಡೇರಿಯ ಮುಂದೆ.
ನೀರು ಕೆಟ್ಟದ್ದು ಯಾರಿಂದ ಎಂದು ಓದಿದ್ದೇ
ಎಲ್ಲರ ಬೆರಳೂ ಎದ್ದವು:
ಗುಲಾಬಿ ಪಾಲಿಹೌಸಿನ ಕೋದಂಡ ರೆಡ್ಡಿಯ ಕಡೆಗೆ,
ಕೋಳಿಕರುಳು ಸುರಿಯುವ ಮೀನುಗುತ್ತಿಗೆಯವನ ಕಡೆಗೆ,
ರಾತ್ರಿ ಹೊಸೂರಿನಿಂದ ಬರುವ ನಂಬರಿಲ್ಲದ ಟ್ಯಾಂಕರಿನ ಕಡೆಗೆ.
ಟ್ಯಾಂಕರು ಸಭೆಗೆ ಬಂದಿರಲಿಲ್ಲ,
ಅದಕ್ಕೇ ಹೆಚ್ಚು ಬೆರಳು.

ಪ್ಯಾರಿಜಾನ್ ಎದ್ದಳು.
ನನ್ನ ಮೂರು ಎಮ್ಮೆ, ನಮ್ಮೆಜಮಾನರ ಆಟೋ,
ತೊಳೆಯೋದು ತೂಬಿನ ಹತ್ತಿರಾನೇ. ಬರಕೋ.
ಆಮೇಲೆ ಸ್ವಲ್ಪ ಹೊತ್ತು
ಹಾಲಿನ ಕ್ಯಾನುಗಳ ಸದ್ದು ಮಾತ್ರ.
ಡೇರಿ ಸೆಕ್ರೆಟರಿ ಕೆಮ್ಮಿ, ಕ್ಯಾನು ತೊಳೆದ ಸೋಡಾನೀರು ಅಂದ.
ಮುನಿಯಲ್ಲಪ್ಪ ಗಣಪತಿಗಳ ಲೆಕ್ಕ ಕೊಟ್ಟ, ಬಣ್ಣಸಮೇತ.
ನಾನು ತಲೆಯೆತ್ತದೆ ಬರೆದುಕೊಂಡೆ
ನಮ್ಮ ಹೊಸ ಪಾಯಖಾನೆಯ ಪೈಪನ್ನು,
ರಾಜಕಾಲುವೆಗೆ ಅದು ಬಾಯಿಟ್ಟಿರುವ ಜಾಗವನ್ನು.
ರೆಡ್ಡಿ ಏನೂ ಅನ್ನಲಿಲ್ಲ, ಬೈಕು ಹತ್ತಿ ಹೋದ.
ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ಒಂದು ಚೀಟಿ:
ತಿಂಗಳಿಗೆ ಯಾವ ಗೊಬ್ಬರ, ಎಷ್ಟು ಚೀಲ.
ಹೆಸರಿಲ್ಲ. ಅಕ್ಷರ ತೆಲುಗು.

ಕೊನೆಯ ಪುಟಕ್ಕೆ ಬರುವಾಗ ಇಳಂಗೋವನ್ ಕೇಳಿದ:
ಕೋಡಿ ಎಷ್ಟು?
ಒಂದೇ, ಮೂಡಲ ಕಡೆ, ಅಂದ ಮುನಿಯಲ್ಲಪ್ಪ.
ಅವನು ಕೇಳಿದ್ದು ದುಡ್ಡು, ಕೋಟಿಯ ಲೆಕ್ಕ.
ಇವನು ಹೇಳಿದ್ದು ಕೆರೆ ತುಂಬಿ ಹೊರಳುವ ಜಾಗ.
ಎಂಟು ವರ್ಷದಿಂದ ಕೋಡಿ ಬಿದ್ದಿಲ್ಲ ನಮ್ಮಲ್ಲಿ,
ಎರಡು ಅರ್ಥದಲ್ಲೂ.

ಹಾಗಾಗಿ ದುಡ್ಡು ಬೇಡದ್ದನ್ನೇ ಮೊದಲು ಬರೆದೆವು.
ಕಾಲುವೆಯ ಬಾಯಿಗೆ ಜೊಂಡು.
ಎಮ್ಮೆಗಳಿಗೆ ಬೇರೆ ಗುಂಡಿ.
ಟ್ಯಾಂಕರಿಗೆ ಏರಿಯ ತಿರುವಿನಲ್ಲಿ
ಅಡ್ಡ ಒಂದು ಕಲ್ಲುಕಂಬ,
ಸರದಿಯ ಮೇಲೆ ಇಬ್ಬರು, ಒಂದು ಟಾರ್ಚು.
ನನ್ನ ಪೈಪಿಗೆ ಇಂಗುಗುಂಡಿ,
ಗಡುವು ಯುಗಾದಿ. (ತಪ್ಪಿತು. ಶಿವರಾತ್ರಿಗೆ ಅಗೆದ ಗುಂಡಿ
ಇನ್ನೂ ಬಾಯಿ ತೆರೆದುಕೊಂಡಿದೆ.)

ಯೋಜನೆಯ ಮೇಲೆ ಕೆರೆ ಅಂತ ಬರೆಯುವುದೋ ಏರಿ ಅಂತಲೋ?
ಸರಕಾರದ ಪ್ರತಿಯಲ್ಲಿ ಏರಿ.
ಡೇರಿ ಗೋಡೆಗೆ ಅಂಟಿಸಿದ್ದರಲ್ಲಿ ಕೆರೆ.
ಇಬ್ಬರೂ ಎರಡನ್ನೂ ಓದಿ
ಇದು ನೀರಿನ ಬಗ್ಗೆ, ಅದು ಮಣ್ಣಿನ ಬಗ್ಗೆ ಅಂದರು;
ಸರಿ, ಏನೂ ಬಿಟ್ಟುಹೋಗಿಲ್ಲ ಅಂದುಕೊಂಡೆ.

ಬುಧವಾರ ಬುಧವಾರ ಶಾಲೆಮಕ್ಕಳು ಮುಚ್ಚಳ ಇಳಿಸುತ್ತಾರೆ.
ಈ ವಾರ ಒಂದು ಗೇಣು, ಐದು ಬೆರಳು.
ಒಂದು ಹೆಚ್ಚು.
ಐದನೆಯದು ಯಾರ ಬೆರಳು,
ಪಿಳ್ಳಮ್ಮನ ಸಣ್ಣದೋ ಮುನಿಯಲ್ಲಪ್ಪನ ದಪ್ಪದೋ ಎಂದು
ಏರಿಯ ಮೇಲೆ ಜಗಳ ನಡೆಯುತ್ತಿದೆ,
ಎರಡು ಭಾಷೆಯಲ್ಲಿ.